ಮೂರು ಹುಲ್ಲಿನ ಗಾಡಿ, ಎರಡು ಎಮ್ಮೆ

ನಮ್ಮ ಆಫೀಸಿಗೆ ಹೊಸ ಸಾಮಾನೊಂದು ಸುಮ್ಮನೆ ಬಂದು, ಸುಮ್ಮನೆ ಕೆಲಸ ಶುರು ಮಾಡಿದ್ದು ನನಗೆ ನೆನಪೇ ಇಲ್ಲ. ಝೆರಾಕ್ಸ್ ಮಷಿನ್ ಬಂದ ದಿನ ಪೂಜೆಯ ಭರದಲ್ಲಿ ಅದರ ಗಾಜಿಗೂ ಕುಂಕುಮ ಹಚ್ಚಿಬಿಟ್ಟಿದ್ದೆವು. ಎಷ್ಟು ಒರೆಸಿದರೂ ಸಂದಿಗೆ ಇಳಿದದ್ದು ಹೋಗಲಿಲ್ಲ. ಬಹಳ ದಿನ ನಮ್ಮ ಆಫೀಸಿನ ಪ್ರತಿ ಆದೇಶವೂ ಹಣೆಗೆ ಕಪ್ಪು ಬೊಟ್ಟು ಇಟ್ಟುಕೊಂಡೇ ಹೊರಗೆ ಹೋಗುತ್ತಿತ್ತು. ಹೀಗಿರುವಾಗ ಹುಲ್ಲು ಕತ್ತರಿಸುವ ಗಾಡಿ ಬಂದರೆ ಏನಾದೀತು ಎಂದು ನಾನು ಮೊದಲೇ ಯೋಚಿಸಬೇಕಿತ್ತು.

ನಾನು ಶಹಾಪುರದ ಹತ್ತಿರದ ಒಂದು ಕಾಲುವೆ ಕಾಲೊನಿಯಲ್ಲಿ ಕ್ಲರ್ಕ್. ಕಾಲುವೆಗೆ ನೀರು ಬಂದ ಮೇಲೆ ಈ ಬಿಸಿಲ ನೆಲದಲ್ಲಿ ಗೆಸ್ಟ್ ಹೌಸು, ಅದರ ಮುಂದೆ ಪಾರ್ಕು, ಪಾರ್ಕಿನ ಆಚೆ ಶಾಲೆಯ ಮೈದಾನ ಎಲ್ಲ ಎದ್ದವು. ಎಲ್ಲ ಕಡೆ ಹುಲ್ಲು ಹಾಸಿದರು. ನೀರಿಗೇನು ಕೊರತೆ, ಹುಲ್ಲು ದಿನಕ್ಕೊಂದು ಗೇಣು ಏಳುತ್ತಿತ್ತು. ಅದನ್ನು ಕತ್ತರಿಸುತ್ತಿದ್ದವನು ಮಾಲಿ ಕಾಕಾ. ಬಳಿಚಕ್ರ ಎಂಬ ಊರಿನವನು, ಮಳೆ ನಂಬಿ ಎತ್ತು ಹೂಡಿ ಬೆಳೆದವನು. ಕಾಲೊನಿಗೆ ಬಂದ ಮೇಲೆ ಕುಡಗೋಲು ಮತ್ತು ದಬ್ಬುವ ಮಷಿನ್ನು ಹಿಡಿದು ನಡ ಬಗ್ಗಿಸಿದವನು ಮತ್ತೆ ನೆಟ್ಟಗೆ ನಿಂತದ್ದು ಕಡಿಮೆ.

ಕಾಲೊನಿಯಲ್ಲಿ ಒಂದು ಪದ್ಧತಿ ಇತ್ತು. ಯಾವ ಕಾಗದದಲ್ಲೂ ಇಲ್ಲದ್ದು. ಕತ್ತರಿಸಿದ ಹುಲ್ಲೆಲ್ಲ ಮಾಲಿ ಕಾಕಾನ ಎರಡು ಎಮ್ಮೆಗೆ. ಆ ಎಮ್ಮೆಗಳ ಹಾಲು ಆಫೀಸಿನ ಚಹಾಕ್ಕೆ. ಆ ಚಹಾ ಮಾಡುವವಳು ಕಾಕಾನ ಹೆಂಡತಿ, ನಾವೆಲ್ಲ ಕಾಕು ಅನ್ನುತ್ತಿದ್ದ ಹೆಂಗಸು. ಹೀಗೆ ಸಾಹೇಬರ ಕಾಲ ಕೆಳಗಿನ ಹುಲ್ಲು ಒಂದು ಸುತ್ತು ಹಾಕಿ ಸಾಹೇಬರ ಕಪ್ಪಿಗೆ ಬಂದು ಸೇರುತ್ತಿತ್ತು.

ಕಾಕಾನ ನಡ ನೋಡಲಾಗದೆ ದೊಡ್ಡ ಮಷಿನ್ನು ಬೇಕೆಂದು ನೋಟು ಬರೆದವನು ನಾನೇ. ಅರ್ಧ ಕರುಣೆ, ಅರ್ಧ ಕುತೂಹಲ. ಏನಾದರೂ ತಿರುಗುತ್ತಿದ್ದರೆ ಅದು ಯಾಕೆ ತಿರುಗುತ್ತದೆ ಎಂದು ಬಗ್ಗಿ ನೋಡುವ ರೋಗ ನನಗೆ ಹುಟ್ಟಿನಿಂದ ಇದೆ. ನಿಂತ ಜಾಗದಲ್ಲೇ ಗಿರಕಿ ಹೊಡೆಯುವ, ಕೂತು ಓಡಿಸುವ ಹುಲ್ಲಿನ ಗಾಡಿ ಬಂದಿದೆ ಎಂದು ಒಂದು ಕ್ಯಾಟಲಾಗಿನಲ್ಲಿ ನೋಡಿದ ಮೇಲೆ ನನಗೆ ಊಟ ಸೇರಿರಲಿಲ್ಲ. ಸಾಹೇಬರು ಒಪ್ಪಿದರು. "ಮೂರು ನಮೂನಿ ತರಸ್ರಿ. ಹದಿನೈದು ದಿನ ಓಡಿಸಿ ನೋಡ್ರಿ. ಚಲೋದು ಯಾವುದು ಅಂತ ಬರೀರಿ" ಅಂದರು.

ಸುದ್ದಿ ಕೇಳಿ ಮಾಲಿ ಕಾಕಾ ನನ್ನ ಮೇಜಿನ ಹತ್ತಿರ ಬಂದ.

"ಮಷಿನ್ ಬರ್ಲಿ ಬಿಡ್ರಿ, ನನ್ನ ನಡಕ್ಕ ಆರಾಮ. ಆದ್ರ ಹುಲ್ಲು ಯಾರಿಗಿ ಹೋಗ್ತದರಿ?"

"ನಿನ್ನ ಎಮ್ಮಿಗೇ ಕಾಕಾ, ಇನ್ಯಾರಿಗಿ?" ಅಂದೆ. ಗಾಡಿಯ ಮುಖವನ್ನೂ ನೋಡದೆ ಅಂದುಬಿಟ್ಟೆ.

೧. ಬಾರದ ಸಾಮಾನು

ಹೈದರಾಬಾದಿನ ಅಂಗಡಿಯೊಂದರ ಸೇಲ್ಸ್‌ಮನ್ನು ಲಾರಿಯಲ್ಲಿ ಮೂರು ಗಾಡಿ ಹೇರಿಕೊಂಡು ಬಂದ. ಒಂದು ಕೆಂಪು, ಒಂದು ನೀಲಿ, ಒಂದು ಬೂದಿ ಬಣ್ಣದ್ದು. ನಡುವೆ ಕುರ್ಚಿ, ಹಿಂದೆ ಇಂಜಿನ್ನು, ಹಿಂದಿನ ಎರಡು ಚಕ್ರ ದಪ್ಪ, ಮುಂದಿನ ಎರಡು ಚಕ್ರ ಪುಟ್ಟವು, ಅತ್ತ ಇತ್ತ ತಾವೇ ಹೊರಳುವಂಥವು. ಹೊಟ್ಟೆಯ ಕೆಳಗೆ ಅಲಗು. ಕುರ್ಚಿಯ ಎಡಕ್ಕೊಂದು ಬಲಕ್ಕೊಂದು ಬಾಗಿದ ಸರಳು. ಅಷ್ಟೇ.

ನಮ್ಮ ಸ್ಟೋರ್‌ಕೀಪರು ಬೋಲ್ಟು ನಟ್ಟು ಎಣಿಸದೆ ಯಾವುದಕ್ಕೂ ಸಹಿ ಮಾಡುವ ಮನುಷ್ಯನಲ್ಲ. ಮೂರೂ ಗಾಡಿಯ ಸುತ್ತ ಮೂರು ಸುತ್ತು ಹಾಕಿದರು. ಬಗ್ಗಿ ಕೆಳಗೆ ನೋಡಿದರು. ಕುರ್ಚಿ ಎತ್ತಿ ನೋಡಿದರು. ಲಾರಿ ಹತ್ತಿ ಹುಲ್ಲಿನ ಮೆತ್ತೆಯನ್ನೂ ಸರಿಸಿ ಹುಡುಕಿದರು. ಕೊನೆಗೆ ಚಲನ್ನಿನ ಮೇಲೆ ದುಂಡಗೆ ಬರೆದರು: "ಮೂರೂ ಗಾಡಿಗಳಿಗೆ ಸ್ಟೇರಿಂಗ್ ಬಂದಿರುವುದಿಲ್ಲ. ಬಂದ ನಂತರ ಸಹಿ ಮಾಡಲಾಗುವುದು."

ಸೇಲ್ಸ್‌ಮನ್ನು ಕಂಗಾಲಾದ. "ಸಾರ್, ಇವಕ್ಕೆ ಸ್ಟೇರಿಂಗ್ ಇರೋದೇ ಇಲ್ಲ. ಈ ಎರಡು ಸರಳಿಂದಾನೇ ತಿರುಗಿಸಬೇಕು."

"ಎಲ್ಲಾರೂ ಹಂಗಾ ಅಂತಾರ" ಅಂದರು ಸ್ಟೋರ್‌ಕೀಪರು. "ಹೋದ ಸಲ ಪಂಪ್ ಕಳಿಸಿದಾಂವನೂ ಇದಕ್ಕ ಮೋಟರ್ ಇರಂಗಿಲ್ಲ ಅಂದಿದ್ದ."

ಪಾಪ ಅವನು ಬ್ಯಾಗಿನಿಂದ ಕ್ಯಾಟಲಾಗು ತೆಗೆದು ಫೋಟೊ ತೋರಿಸಿದ. ಬಣ್ಣದ ಫೋಟೊ, ಪಕ್ಕದಲ್ಲಿ ಟೊಪ್ಪಿಗೆ ಹಾಕಿದ ವಿದೇಶಿ ಮನುಷ್ಯ, ಗಾಡಿಗೆ ಸ್ಟೇರಿಂಗ್ ಇಲ್ಲ. ಸ್ಟೋರ್‌ಕೀಪರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಅಂದರು:

"ನೋಡಿದ್ರ್ಯಾ? ಫೋಟೊ ತೆಗೆಯೋಕಿಂತ ಮೊದಲಾ ಬಿಚ್ಚಿಕೊಂಡಾರ."

೨. ಸುರಪುರ ಮುಟ್ಟದ ಗಾಡಿ

ಮೊದಲು ಯಾರು ಹತ್ತಬೇಕು ಎಂಬ ಪ್ರಶ್ನೆಯೇ ಬರಲಿಲ್ಲ. ನಮ್ಮ ಜೀಪ್ ಡ್ರೈವರ್ ಆಗಲೇ ತೋಳು ಮಡಚಿ ನಿಂತಿದ್ದ. ಸುರಪುರದವನು. ಒಂದು ಕಡೆ ತುಂಬಿದ ಕಾಲುವೆ, ಇನ್ನೊಂದು ಕಡೆ ತಗ್ಗು ಇರುವ ದಂಡೆಯ ಮೇಲೆ ಒಂದು ಕೈಯಲ್ಲಿ ಎಲೆ ಅಡಿಕೆ ತಿನ್ನುತ್ತ ಜೀಪು ಓಡಿಸುವವನು. "ಹುಲ್ಲು ತಿನ್ನೋ ಗಾಡಿ ಓಡಸಾಕ ಏನ್ ಲೈಸೆನ್ಸ್ ಬೇಕೇನ್ರಿ?" ಎಂದು ನಕ್ಕು ಕೆಂಪು ಗಾಡಿ ಏರಿದ.

ಸೇಲ್ಸ್‌ಮನ್ನು ಹೇಳಿಯೇ ಹೇಳಿದ, ಎರಡೂ ಸರಳು ಒಟ್ಟಿಗೆ ಮುಂದೆ ದಬ್ಬಿದರೆ ಗಾಡಿ ನೆಟ್ಟಗೆ ಹೋಗುತ್ತದೆ, ಒಂದನ್ನೇ ದಬ್ಬಿದರೆ ತಿರುಗುತ್ತದೆ ಎಂದು. ಆದರೆ ಮೂವತ್ತು ವರ್ಷ ಜೀಪು ಓಡಿಸಿದ ಕೈ ಮಾತು ಕೇಳಬೇಕಲ್ಲ. ಡ್ರೈವರನ ಎಡಗೈ ಎಡ ಸರಳನ್ನು ಗೇರು ಎಂದು ತಿಳಿದು ಫಸ್ಟ್ ಗೇರು ಹಾಕಿದ ಹಾಗೆ ಪೂರ್ತಿ ಮುಂದೆ ನೂಕಿತು. ಬಲಗೈ ಗಾಳಿಯಲ್ಲಿ ಸ್ಟೇರಿಂಗ್ ಹುಡುಕಿತು.

ಪಾರ್ಕಿನ ಬೇವಿನ ಗಿಡದ ಪಕ್ಕದಲ್ಲೇ ಗಾಡಿ ಗಿರ್ರನೆ ಸುತ್ತಿತು. ಒಂದು ಸುತ್ತು, ಎರಡು ಸುತ್ತು, ಐದು ಸುತ್ತು. ಪ್ರತಿ ಸುತ್ತಿಗೂ ಅವನ ಮುಖ ನಮ್ಮ ಕಡೆ ಬಂದಾಗ "ಏಯ್!" ಎನ್ನುವ ಒಂದು ಮಾತು ಕೇಳುತ್ತಿತ್ತು, ಆಚೆ ಹೋದಾಗ ನಿಲ್ಲುತ್ತಿತ್ತು. ಬಲಗೈ ಇನ್ನೂ ಗಾಳಿಯಲ್ಲಿ ಸ್ಟೇರಿಂಗ್ ತಿರುಗಿಸುತ್ತಲೇ ಇತ್ತು. ಸೇಲ್ಸ್‌ಮನ್ನು ಜಿಗಿದು ಕೀಲಿ ತಿರುಗಿಸಿ ಬಂದ್ ಮಾಡಿದಾಗ ಹುಲ್ಲಿನಲ್ಲಿ ತಟ್ಟೆಯ ಹಾಗೆ ದುಂಡನೆಯ ದೊಡ್ಡ ಬೋಳು ಬಿದ್ದಿತ್ತು. ಮಾಲಿ ಕಾಕಾ ಅದರ ಸುತ್ತ ಚೆಲ್ಲಿದ ಹುಲ್ಲನ್ನು ಗೋಣಿಚೀಲಕ್ಕೆ ತುಂಬತೊಡಗಿದ. ಕೆಂಪು ಗಾಡಿ ಕತ್ತರಿಸಿದ್ದನ್ನು ಪಕ್ಕಕ್ಕೆ ಎಸೆಯುತ್ತದೆ, ಎಮ್ಮೆಗೆ ಏನೂ ತೊಂದರೆ ಇಲ್ಲ ಎಂದು ಅವನ ಮುಖ ಅರಳಿತ್ತು.

ಡ್ರೈವರ್ ಬಹಳ ಹೊತ್ತು ಕುರ್ಚಿ ಬಿಟ್ಟು ಇಳಿಯಲಿಲ್ಲ. ನನಗೆ ತಡೆಯಲಿಲ್ಲ, ಓಡಿ ಹೋಗಿ ಕೇಳಿದೆ: "ಹ್ಯಾಂಗದಪಾ ಗಾಡಿ?"

ಅವನು ಕಣ್ಣು ಮುಚ್ಚಿಕೊಂಡೇ ಅಂದ: "ಪಿಕಪ್ ಭಾರಿ ಅದರಿ. ಇಷ್ಟೊತ್ತಿಗೆ ಸುರಪುರ ಮುಟ್ಟಬೇಕಿತ್ತು. ಖರೆ ಬೇವಿನ ಗಿಡ ಇನ್ನಾ ಇಲ್ಲೇ ಅದಲ್ರಿ?"

೩. ಮರ್ಯಾದೆ

ಮರುದಿನ ಬೆಳಿಗ್ಗೆ ಯಾರೂ ಏಳುವ ಮೊದಲೇ ನಾನು ಕೆಂಪು ಗಾಡಿ ಏರಿದೆ. ನಾಚಿಕೆ ಯಾಕೆ, ಗಾಡಿ ಬಂದಾಗಿನಿಂದ ಅದಕ್ಕೇ ಕಾದಿದ್ದೆ. ಹಿಂದಿನ ಎರಡು ಚಕ್ರಕ್ಕೂ ಬೇರೆ ಬೇರೆ ಓಟ ಇದೆ, ಒಂದು ಮುಂದೆ ಒಂದು ಹಿಂದೆ ಹೋದರೆ ಗಾಡಿ ನಿಂತಲ್ಲೇ ತಿರುಗುತ್ತದೆ ಎಂಬುದು ಕೈಗೆ ತಿಳಿದಾಗ ನನಗೆ ಆದ ಖುಷಿ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಮನೆಯಲ್ಲಿ ಹೇಳಿಲ್ಲ.

ಸಾಹೇಬರು ವಾಕಿಂಗಿಗೆ ಬಂದರು. ಅವರು ಪಾರ್ಕಿನ ಸುತ್ತ ದಿನಾ ನಾಲ್ಕು ಸುತ್ತು ಹಾಕುತ್ತಾರೆ. ಮೊದಲ ಸುತ್ತಿನಲ್ಲಿ ನನ್ನ ಮುಂದೆ ಬಂದರು. ನೌಕರಿ ಸೇರಿದಂದಿನಿಂದ ಸಾಹೇಬರನ್ನು ಕಂಡರೆ ಎದ್ದು ನಿಲ್ಲದೆ ಇದ್ದವನಲ್ಲ ನಾನು. ಕುರ್ಚಿಯಿಂದ ಎದ್ದೆ, "ನಮಸ್ಕಾರ್ರಿ ಸಾಹೇಬ್ರ" ಅಂದೆ. ಗಾಡಿ ಟಪ್ಪನೆ ಬಂದ್ ಬಿತ್ತು. ಸಾಹೇಬರು ಹುಬ್ಬೇರಿಸಿ ಮುಂದೆ ಹೋದರು. ನಾನು ಕೂತು ಮತ್ತೆ ಚಾಲೂ ಮಾಡಿದೆ. ಎರಡನೆಯ ಸುತ್ತು. ಎದ್ದೆ, ನಮಸ್ಕಾರ, ಟಪ್. ಮೂರನೆಯ ಸುತ್ತು, ಟಪ್. ನಾಲ್ಕನೆಯ ಸುತ್ತಿನಲ್ಲಿ ಸಾಹೇಬರು ದೂರದಿಂದಲೇ ಗಾಡಿಯನ್ನು ದುರುಗುಟ್ಟಿ ನೋಡುತ್ತ ಬಂದರು. ಗಾಡಿಯೂ ಮಾತು ತಪ್ಪಲಿಲ್ಲ.

ಹತ್ತು ಗಂಟೆಗೆ ಕರೆಸಿದರು. "ಆ ಕೆಂಪು ಮಷಿನ್ ಬ್ಯಾಡ. ನನ್ನ ಮಾರಿ ನೋಡಿದ ಕೂಡ್ಲೇ ಬಂದ್ ಬೀಳ್ತದ."

ಗೆಸ್ಟ್ ಹೌಸಿನಲ್ಲೇ ಉಳಿದಿದ್ದ ಸೇಲ್ಸ್‌ಮನ್ನು ಸುದ್ದಿ ಕೇಳಿ ಓಡಿ ಬಂದ. ಇಂಜಿನ್ನು ಬಿಚ್ಚಿ ನೋಡಿದ, ಏನೂ ಇಲ್ಲ. ಏನು ಮಾಡುತ್ತಿದ್ದಿರಿ ಎಂದು ನನ್ನನ್ನೇ ಕೇಳಿದ. ಹೇಳಿದೆ. ಅವನು ತಲೆಯ ಮೇಲೆ ಕೈ ಹೊತ್ತು ಕೂತ. ಕುರ್ಚಿಯ ಕೆಳಗೆ ಒಂದು ಸ್ವಿಚ್ಚು ಇದೆಯಂತೆ. ಓಡಿಸುವವನು ಜಾರಿ ಬಿದ್ದರೆ ಕೈಕಾಲು ಅಲಗಿಗೆ ಸಿಕ್ಕಬಾರದು ಎಂದು, ಕುರ್ಚಿ ಬಿಟ್ಟು ಎದ್ದ ಕೂಡಲೇ ಇಂಜಿನ್ನು ತಾನೇ ನಿಲ್ಲುತ್ತದಂತೆ. ಮೂರೂ ಗಾಡಿಗೂ ಅದೇ ಲೆಕ್ಕ.

ಸಾಹೇಬರ ಹತ್ತಿರ ಹೋಗಿ ಸತ್ಯ ಹೇಳೋಣವೆಂದರೆ, "ಇನ್ನು ಮುಂದೆ ನಿಮ್ಮನ್ನು ಕಂಡರೆ ಏಳುವುದಿಲ್ಲ" ಎಂದೂ ಹೇಳಬೇಕು. ಆ ಧೈರ್ಯ ನನಗೆ ಬರಲಿಲ್ಲ. ಎಮ್ಮೆಗೆ ಹುಲ್ಲು ಬಿಡುವ ಒಂದು ಗಾಡಿ ನನ್ನ ನಮಸ್ಕಾರದಿಂದಲೇ ಹೋಯಿತು. ಉಳಿದದ್ದು ನೀಲಿ ಮತ್ತು ಬೂದಿ. ಸೇಲ್ಸ್‌ಮನ್ನು ನನ್ನ ಎರಡೂ ಕೈ ಹಿಡಿದುಕೊಂಡ.

"ಸಾರ್, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ. ನಾಳೆಯಿಂದ ದೊಡ್ಡವರಿಗೆ ಮರ್ಯಾದೆ ಕೊಡಬೇಡಿ."

೪. ಹಲ್ಲು ನೋಡಿ

ಮಾಲಿ ಕಾಕಾ ಅಲ್ಲಿಯವರೆಗೂ ಗಾಡಿ ಮುಟ್ಟಿರಲಿಲ್ಲ. ಕೊನೆಗೆ ಓಡಿಸಬೇಕಾದವನು ಅವನೇ ಅಲ್ಲವೇ, ಹತ್ತು ಎಂದೆ. "ನಿಂದ್ರಿ, ಮೊದಲು ನೋಡತೀನಿ" ಅಂದ.

ಅವನು ನೋಡಿದ ರೀತಿಯೇ ಬೇರೆ. ಬೂದಿ ಗಾಡಿಯ ಸುತ್ತ ಬಂದು ಬೆನ್ನ ಮೇಲೆ ಕೈ ಆಡಿಸಿದ. ಹಿಂದಿನ ಚಕ್ರ ತಟ್ಟಿದ. ಆಮೇಲೆ ನೆಲಕ್ಕೆ ಮೊಣಕಾಲೂರಿ ಮುಖ ಕೆಳಗೆ ಹಾಕಿ ಅಲಗು ನೋಡಿದ.

"ಎಷ್ಟು ಹಲ್ಲು?" ಎಂದು ಸಂತೆಯಲ್ಲಿ ಎತ್ತಿನ ವಯಸ್ಸು ವಿಚಾರಿಸುವಂತೆ ಕೇಳಿದ.

"ಮೂರು ಬ್ಲೇಡು, ಅಜ್ಜಾ" ಅಂದ ಸೇಲ್ಸ್‌ಮನ್ನು.

"ಮೂರಾ? ಇದಿನ್ನಾ ಎಳಿ ಕರಾ ಅದ. ಭಾರ ಹಾಕಬ್ಯಾಡ್ರಿ."

ಏರಿ ಕೂತ. ಎರಡೂ ಸರಳು ಹಿಡಿದ. ನಾನು ಡ್ರೈವರನ ಗತಿ ನೆನೆದು ನಾಲ್ಕು ಹೆಜ್ಜೆ ಹಿಂದೆ ಸರಿದೆ. ಆದರೆ ಗಾಡಿ ನೂಲು ಹಿಡಿದ ಹಾಗೆ ನೆಟ್ಟಗೆ ಹೋಯಿತು. ತುದಿಗೆ ಹೋದ ಮೇಲೆ ಕಾಕಾ ಎಡ ಸರಳನ್ನು ಎಡಗಡೆ ಹಗ್ಗ ಜಗ್ಗಿದಂತೆ ಹಿಂದಕ್ಕೆ ಜಗ್ಗಿದ. ಗಾಡಿ ಎಡಕ್ಕೆ ಹೊರಳಿತು. ಬಲ ಜಗ್ಗಿದ, ಬಲಕ್ಕೆ ಹೊರಳಿತು. ನಾಲಿಗೆಯಿಂದ ಟಕ್ ಟಕ್ ಎಂದು ಸದ್ದು ಬೇರೆ. ಹುಲ್ಲಿನ ಮೇಲೆ ಸಾಲು ಸಾಲಾಗಿ ಗೆರೆ ಬಿತ್ತು, ಬಳಿಚಕ್ರದ ಹೊಲದಲ್ಲಿ ಎತ್ತು ಹೂಡಿ ಗಳೇ ಹೊಡೆದಂತೆ. ಇಂಜಿನಿಯರುಗಳು ಓದಿ ಮಾಡಿದ್ದನ್ನು ನಮ್ಮ ರೈತರು ಹಗ್ಗದಲ್ಲೇ ಮಾಡಿದ್ದರಲ್ಲ ಎಂದು ನನಗೆ ಮೈ ಜುಮ್ಮೆಂದಿತು. ಕ್ಯಾಟಲಾಗಿನಲ್ಲಿ ಇದನ್ನು ಯಾರೂ ಬರೆದಿಲ್ಲ.

ಎಡವಟ್ಟಾದದ್ದು ನಿಲ್ಲಿಸುವಾಗ.

ಎತ್ತು ನಿಲ್ಲಬೇಕಾದರೆ ಏನು ಮಾಡುತ್ತಾರೆ? ಎರಡೂ ಹಗ್ಗ ಜಗ್ಗುತ್ತಾರೆ. ಕಾಕಾ "ಹೋ ಹೋ" ಎಂದು ಎರಡೂ ಸರಳನ್ನು ಜಗ್ಗಿದ. ಈ ಗಾಡಿಗೆ ಎರಡೂ ಸರಳು ಹಿಂದೆ ಜಗ್ಗಿದರೆ ರಿವರ್ಸು. ಗಾಡಿ ಹಿಂದಕ್ಕೆ ಹೊರಟಿತು. ಮಾತು ಕೇಳುತ್ತಿಲ್ಲವಲ್ಲ ಎಂದು ಕಾಕಾ ಇನ್ನೂ ಜೋರಾಗಿ ಜಗ್ಗಿದ. ಗಾಡಿ ಇನ್ನೂ ಜೋರಾಗಿ ಹಿಂದೆ ಹೋಯಿತು. "ಹೋ! ಹೋ ಮಗನಾ!" ಎನ್ನುತ್ತ ಪೂರ್ತಿ ಮೈ ಹಿಂದಕ್ಕೆ ಚೆಲ್ಲಿ ಜಗ್ಗುತ್ತಲೇ ದಾಸವಾಳದ ಬೇಲಿಯೊಳಗೆ ಹೊಕ್ಕ. ಹೊರಗೆ ಕಾಣುತ್ತಿದ್ದದ್ದು ಮುಂದಿನ ಎರಡು ಪುಟ್ಟ ಚಕ್ರ ಮಾತ್ರ.

ನಾವು ಎಳೆದು ಹೊರಗೆ ತಂದಾಗ ಕಿವಿಯ ಹಿಂದೆ ಹೂವಿತ್ತು. ಪೆಟ್ಟೇನೂ ಆಗಿರಲಿಲ್ಲ. ಇಳಿದು ಪಂಚೆ ಕೊಡವಿ, ಗಾಡಿಯನ್ನು ಮೇಲಿಂದ ಕೆಳಗೆ ನೋಡಿ ಸೇಲ್ಸ್‌ಮನ್ನನಿಗೆ ಅಂದ:

"ನಡಿಗಿ ಚಲೋ ಅದ ತಮ್ಮಾ. ಖರೆ ಹಗ್ಗ ಜಗ್ಗಿದ್ರ ಹಿಂದ ಹೋಗೋ ಎತ್ತು ಸಂತ್ಯಾಗ ಹಿಡ್ಕೊಂಡು ನಿಂತ್ರ, ಮಾಲಕನ್ನೂ ಯಾರೂ ಮಾತಾಡ್ಸಂಗಿಲ್ಲ."

೫. ಎಷ್ಟು ಲೀಟರ್?

ಎರಡನೆಯ ವಾರ ಪೂರ್ತಿ ನೀಲಿ ಗಾಡಿ ಓಡಿಸಿದೆವು. ಕಾಕಾ ಅಷ್ಟರಲ್ಲಿ ನಿಲ್ಲಿಸುವುದನ್ನೂ ಕಲಿತಿದ್ದ. ಮೊದಲ ದಿನ ಒಂದು ಸಾಲು ಹೋಗಿ ಹಿಂದೆ ತಿರುಗಿ ನೋಡಿದ. ನೆಲ ನುಣ್ಣಗಿತ್ತು. ಹುಲ್ಲು ಇರಲಿಲ್ಲ.

"ಕತ್ತರಿಸಿದ್ದು ಎಲ್ಲಿ ಹೋಯ್ತು?" ಎಂದು ಕೇಳಿದ.

ಸೇಲ್ಸ್‌ಮನ್ನು ಎದೆಯುಬ್ಬಿಸಿದ. "ಅದೇ ಇದರ ವಿಶೇಷ, ಅಜ್ಜಾ. ಹೊಟ್ಟೆಯೊಳಗೇ ಪುಡಿ ಮಾಡಿ ಮಣ್ಣಿಗೆ ಉದುರಿಸುತ್ತೆ. ಗೊಬ್ಬರ ಆಗುತ್ತೆ. ಗುಡಿಸೋ ಕೆಲಸವೇ ಇಲ್ಲ!"

ಕಾಕಾ ಕೂತು ಬೆರಳಿನಿಂದ ನೆಲ ಕೆದರಿದ. ಹಸಿರು ಹಿಟ್ಟು ಚಿಟಿಕೆಯಷ್ಟು ಬಂತು. ನನ್ನ ಮುಖ ನೋಡಿದ. "ನಿನ್ನ ಎಮ್ಮಿಗೇ" ಎಂದು ಮಾತು ಕೊಟ್ಟವನು ನಾನು. ನನಗೆ ನೆಲದೊಳಗೆ ಇಳಿದಷ್ಟು ನಾಚಿಕೆಯಾಯಿತು.

ಬೂದಿ ಗಾಡಿಗೆ ಹಿಂದೆ ಎರಡು ದೊಡ್ಡ ಚೀಲ ಇದ್ದವು, ಕತ್ತರಿಸಿದ ಹುಲ್ಲೆಲ್ಲ ಕೊಳವೆಯಿಂದ ಹಾರಿ ಅವಕ್ಕೇ ತುಂಬುತ್ತಿತ್ತು. ಅದೇ ಇರಲಿ ಎಂದು ಸಾಹೇಬರಿಗೆ ಮೂರು ಸಲ ಹೇಳಿ ನೋಡಿದೆ. "ಚೀಲ ತುಂಬೋದು, ಖಾಲಿ ಮಾಡೋದು, ಯಾರಿಗೆ ಬೇಕು ಆ ತಕರಾರು? ನೀಲೀದು ನೋಡ್ರಿ, ಎಷ್ಟು ಸ್ವಚ್ಛ!" ಅಂದರು. ಎಮ್ಮೆಯ ವಿಷಯ ಬರೆಯಲು ನನ್ನ ಫಾರಮ್ಮಿನಲ್ಲಿ ಖಾನೆಯೇ ಇರಲಿಲ್ಲ. ಇಂಜಿನ್ನಿನ ಶಕ್ತಿ, ಅಲಗಿನ ಅಗಲ, ಎಣ್ಣೆಯ ಖರ್ಚು, ಇಷ್ಟೇ.

ಇತ್ತ ಕಾಕಾನ ಮನೆಯಲ್ಲಿ ಕೂಡಿಟ್ಟ ಜೋಳದ ಕಣಿಕಿ, ಅಂದರೆ ಒಣ ದಂಟೂ ತೀರುತ್ತ ಬಂತು. ಎಮ್ಮೆಗಳು ಹಾಲು ಕಡಿಮೆ ಮಾಡಿದವು. ಆಫೀಸಿನ ಚಹಾ ದಿನದಿಂದ ದಿನಕ್ಕೆ ತೆಳ್ಳಗಾಯಿತು. "ಒಂದು ಎಮ್ಮಿ ಕೊಟ್ಟುಬಿಡತೀನ್ರಿ, ಎರಡಕ್ಕ ಮೇವು ಸಾಲಂಗಿಲ್ಲ" ಎಂದು ಕಾಕಾ ಒಂದು ಸಂಜೆ ಅಂದ. ಹೇಳುವಾಗ ಅವನು ಎಮ್ಮೆಯ ಕಡೆಗೆ ಬೆನ್ನು ಮಾಡಿ ನಿಂತಿದ್ದ.

ಹದಿನೈದನೆಯ ದಿನ ತೀರ್ಮಾನ. ಸಾಹೇಬರ ಮೇಜಿನ ಮೇಲೆ ಫೈಲು. ಪಕ್ಕದ ಕುರ್ಚಿಯಲ್ಲಿ ಸೇಲ್ಸ್‌ಮನ್ನು, ನೀಲಿ ಗಾಡಿಗೆ ಕಮಿಷನ್ನು ಹೆಚ್ಚೋ ಏನೋ, ಮುಖ ತುಂಬ ನಗು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಆಗ ಕಾಕು ಚಹಾ ತಂದಳು. ಸಾಹೇಬರು ಕಪ್ಪು ನೋಡಿದರು.

"ಇದೇನವ್ವಾ, ಕರಿ ಚಹಾ?"

"ಹೌದ್ರಿ."

"ಹಾಲು?"

"ಹಾಲು ನಮ್ಮ ಮನ್ಯಾಗ ಇಲ್ರಿ. ಆ ನೀಲಿ ಮಷಿನ್ನಿಗೆ ಕೇಳ್ರಿ."

"ಅದಕ್ಯಾಕ ಕೇಳ್ಬೇಕು?"

"ವಾರ ಆತ್ರಿ, ನಮ್ಮ ಎಮ್ಮಿ ಪಾಲಿನ ಹುಲ್ಲೆಲ್ಲ ಅದಾ ತಿನ್ನಾಕತ್ತದ. ತಿಂದಾಂವ ಕೊಡಬೇಕಲ್ರಿ?"

ಕಾಕು ಸೆರಗು ಸರಿಮಾಡಿಕೊಂಡು ಹೊರಟು ಹೋದಳು. ನಾನು ಫ್ಯಾನು ನೋಡುತ್ತ ನಿಂತೆ. ಸಾಹೇಬರು ಒಂದು ಗುಟುಕು ಕುಡಿದರು, ಮುಖ ಹಿಂಡಿದರು. ಕಪ್ಪು ಕೆಳಗಿಟ್ಟು ಸೇಲ್ಸ್‌ಮನ್ನನ ಕಡೆ ತಿರುಗಿದರು.

"ಏನಪಾ, ನಿನ್ನ ನೀಲೀದು ಎಷ್ಟು ಲೀಟರ್?"

"ಇಪ್ಪತ್ತೈದು ಲೀಟರ್ ಸಾರ್!" ಎಂದ ಅವನು ಹುಮ್ಮಸ್ಸಿನಿಂದ.

"ಕೊಡ್ತದ?"

ಸೇಲ್ಸ್‌ಮನ್ನನ ನಗು ಇಳಿಯಿತು. "ಇಲ್ಲ ಸಾರ್... ಕುಡಿಯುತ್ತೆ."

ಸಾಹೇಬರು ಬೂದಿ ಗಾಡಿಯ ಹೆಸರಿನ ಮುಂದೆ ಸಹಿ ಹಾಕಿ ಫೈಲನ್ನು ನನ್ನ ಕಡೆ ನೂಕಿದರು. ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಆದರೆ ಫಾರಮ್ಮಿನ ಕೊನೆಯ ಖಾನೆ ಇನ್ನೂ ಖಾಲಿ ಇತ್ತು.

"ಕಾರಣ ಏನಂತ ಬರೀಲ್ರಿ ಸಾಹೇಬ್ರ?"

"ಪರಿಶೀಲನಾ ಸಮಿತಿ ಸರ್ವಾನುಮತದಿಂದ ಒಪ್ಪೇದ ಅಂತ ಬರಿ."

"ಸಮಿತಿಯೊಳಗ ಯಾರ್ಯಾರಿದ್ರು ಅಂತ ಮ್ಯಾಲಿನ ಆಫೀಸಿನವರು ಕೇಳಿದ್ರ?"

ಸಾಹೇಬರು ಕಿಟಕಿಯಾಚೆ ಕಾಕಾನ ಮನೆಯ ಮುಂದೆ ಕಟ್ಟಿದ್ದ ಎರಡೂ ಎಮ್ಮೆಗಳ ಕಡೆ ನೋಡಿದರು. ಪೆನ್ನಿಗೆ ಮುಚ್ಚಳ ಹಾಕಿದರು.

"ಇಬ್ರು ಸದಸ್ಯರು. ಇಬ್ರೂ ಹೆಣ್ಣುಮಕ್ಕಳು ಅಂತ ಬರಿ. ಮ್ಯಾಲಿನವರು ಖುಷಿ ಪಡ್ತಾರ."